ಹಾಲು, ಪಾಲು, ಶೇಕ್ಸ್‌ಪಿಯರ್

"ಮೇಡಂ, ಇಂಗ್ಲಿಷ್ ಬಿ.ಎ. ಮಾಡಿದ್ರ ನಮ್ಮ ಹುಡುಗಿ ಪಟಪಟ ಇಂಗ್ಲಿಷ್ ಮಾತಾಡ್ತಾಳೇನ್ರಿ?"

ದ್ವಿತೀಯ ಪಿಯು ಫಲಿತಾಂಶ ಬಂದ ವಾರದಿಂದ ಬಳ್ಳಾರಿ ಗಾಂಧಿನಗರದ ನಮ್ಮ ಮನೆಯ ಗೇಟಿನ ಹತ್ತಿರ ಈ ಪ್ರಶ್ನೆ ಕೇಳಿಬರಲು ಶುರುವಾಗುತ್ತದೆ. ಸಿರುಗುಪ್ಪ ಕಡೆಯ ಭತ್ತದ ರೈತರು, ಕುರುಗೋಡಿನಿಂದ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದವರು, ಇಲ್ಲೇ ಊರೊಳಗೆ ಜೀನ್ಸ್ ಪ್ಯಾಂಟ್ ಹೊಲಿದು ಸಂಸಾರ ತೂಗಿಸುವ ತಾಯಂದಿರು ಕೇಳುತ್ತಾರೆ. ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ನನಗೆ ಕೇಳದೆ ಇನ್ಯಾರಿಗೆ ಕೇಳಬೇಕು ಪಾಪ. ಆದರೆ ನಾನು ಕೊಡುವ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಬರೇ ಮಾತಾಡಲು ಕಲಿಯಬೇಕಿದ್ದರೆ ಮೂರು ತಿಂಗಳ ಕೋರ್ಸಿಗೆ ಹಾಕಿ, ಮೂರು ವರ್ಷ ಯಾಕೆ ಕಳೀತೀರಿ ಅನ್ನುತ್ತೇನೆ. "ಹಂಗಾದ್ರ ಈ ಡಿಗ್ರಿಯೊಳಗ ಏನ್ ಕಲಿಸ್ತೀರಿ ಮತ್ತ?" ಎಂದು ಕೇಳಿದವರಿಗೆ ಮಾತ್ರ ಗೇಟು ತೆಗೆದು ಒಳಗೆ ಕರೆದು ಕೂರಿಸುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಾಲೇಜಿನಲ್ಲಿ ಇಂಗ್ಲಿಷ್ ಎರಡು ಬಗೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಅನ್ನದೆ ಹೆಚ್ಚುಕಡಿಮೆ ಎಲ್ಲರೂ ಓದುವ ಭಾಷಾ ವಿಷಯ ಒಂದು. ನಾಲ್ಕು ಪದ್ಯ, ನಾಲ್ಕು ಗದ್ಯ, ಒಂದಿಷ್ಟು ವ್ಯಾಕರಣ, ಅರ್ಜಿ ಬರೆಯುವ ಕ್ರಮ. ಇನ್ನೊಂದು ಐಚ್ಛಿಕ ಇಂಗ್ಲಿಷ್. ಹುಡುಗರ ಬಾಯಲ್ಲಿ ಅದು 'ಆಪ್ಷನಲ್'. ಇತಿಹಾಸ, ಅರ್ಥಶಾಸ್ತ್ರಗಳ ಹಾಗೆ ಅದೂ ಮುಖ್ಯ ವಿಷಯ. ಅದರಲ್ಲಿ ಸಾಹಿತ್ಯ ಇರುತ್ತದೆ, ಭಾಷಾವಿಜ್ಞಾನ ಇರುತ್ತದೆ. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾರೆ. ಪಠ್ಯಗಳ ಹೆಸರು, ಅಂಕಗಳ ಲೆಕ್ಕ ಎಲ್ಲ ಆ ಓಡಾಟದಲ್ಲಿ ಬದಲಾಗುತ್ತಲೇ ಇವೆ. ವಿಷಯದ ತಿರುಳು ಹಾಗೇ ಇದೆ.

ಬಳ್ಳಾರಿಗೂ ಇಂಗ್ಲಿಷ್ ಸಾಹಿತ್ಯಕ್ಕೂ ಎತ್ತಣ ಸಂಬಂಧ ಎಂದು ಕೇಳುವವರಿಗೆ ಒಬ್ಬ ಕಲೆಕ್ಟರನ ಕಥೆ ಹೇಳುತ್ತೇನೆ. ಹೈದರಾಬಾದಿನ ನಿಜಾಮ 1800ರಲ್ಲಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ನಾವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದೆವು, 1953ರ ಅಕ್ಟೋಬರ್ 1ರವರೆಗೂ ಅಲ್ಲೇ ಇದ್ದೆವು. 1823ರಲ್ಲಿ ಇಲ್ಲಿ ಕಲೆಕ್ಟರನಾಗಿದ್ದವನು ಅಲೆಗ್ಸಾಂಡರ್ ಡಂಕನ್ ಕ್ಯಾಂಪ್‌ಬೆಲ್. ಮದ್ರಾಸ್ ಸರ್ಕಾರ ಊರೂರಿನ ಶಾಲೆಗಳ ಲೆಕ್ಕ ಕೇಳಿದಾಗ ಅವನು ಕಳಿಸಿದ ವರದಿ ಇವತ್ತಿಗೂ ಹೆಸರುವಾಸಿ. ಇತಿಹಾಸಕಾರ ಧರ್ಮಪಾಲ್ ತಮ್ಮ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಅದನ್ನು ಪೂರ್ತಿ ಅಚ್ಚು ಹಾಕಿಸಿದ್ದಾರೆ. ಆಗಿನ ಬಳ್ಳಾರಿ ಜಿಲ್ಲೆ ಎಂದರೆ ಅನಂತಪುರವೂ ಸೇರಿದ ದೊಡ್ಡ ಸೀಮೆ. ಅದರಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಬ್ರಾಹ್ಮಣರ ಶಾಸ್ತ್ರಪಾಠದವು 23. ಇಂಗ್ಲಿಷಿನದು ಒಂದು. ಒಂದೇ ಒಂದು.

ನನಗೆ ಆ ವರದಿಯಲ್ಲಿ ಬಹಳ ಹಿಡಿಸಿದ್ದು ಈ ಅಂಕಿಗಳಲ್ಲ, ಅವನ ಒಂದು ತಕರಾರು. ಮಕ್ಕಳು ಬಸವ ಪುರಾಣ, ಗಿರಿಜಾ ಕಲ್ಯಾಣ, ರಾಮಾಯಣಗಳನ್ನು ಗಡಗಡ ಒಪ್ಪಿಸುತ್ತಾರೆ. ಆ ಕಾವ್ಯಗಳ ಭಾಷೆ ಮನೆಯಲ್ಲಾಡುವ ಮಾತಿಗಿಂತ ಬೇರೆ. ಅಕ್ಷರ ಒಂದೇ ಆದ್ದರಿಂದ ಓದುತ್ತಾರೆ, ಅರ್ಥ ಮಾತ್ರ ಕಲಿಯುವವರಿಗೂ ಗೊತ್ತಿಲ್ಲ, ಕಲಿಸುವವರಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ ಎಂದು ಅವನು ಬರೆದ. ಎರಡು ನೂರು ವರ್ಷ ದಾಟಿದೆ. ನಮ್ಮ ಬಿ.ಎ. ಹುಡುಗಿಯರು ಝೆರಾಕ್ಸ್ ಅಂಗಡಿಯ ಮುಂದೆ ನಿಂತು ಕೊಳ್ಳುವ ಗೈಡುಗಳನ್ನು ನೋಡಿದರೆ, ಕ್ಯಾಂಪ್‌ಬೆಲ್ ಸಾಹೇಬ ಹೊಸ ವರದಿ ಬರೆಯಬೇಕಾಗಿಲ್ಲ, ಹಳೆಯದರಲ್ಲೇ ಕಾವ್ಯಗಳ ಹೆಸರು ಬದಲಿಸಿದರೆ ಸಾಕು ಅನ್ನಿಸುತ್ತದೆ.

ಇದೇ ಕ್ಯಾಂಪ್‌ಬೆಲ್ ಬಳ್ಳಾರಿಗೆ ಬರುವ ಮೊದಲು ತೆಲುಗು ವ್ಯಾಕರಣ ಬರೆದಿದ್ದ. ಅದು ಮದ್ರಾಸಿನಲ್ಲಿ ಅಚ್ಚಾದದ್ದು 1816ರಲ್ಲಿ. ಅದರ ಮುಂಭಾಗದಲ್ಲಿ ಅವನ ಸ್ನೇಹಿತ ಫ್ರಾನ್ಸಿಸ್ ವೈಟ್ ಎಲ್ಲಿಸ್ ಒಂದು ಟಿಪ್ಪಣಿ ಸೇರಿಸಿದ. ತೆಲುಗು, ತಮಿಳು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಬೇರೆಯೇ ಒಂದು ಮನೆತನ ಎಂದು ಉದಾಹರಣೆಗಳನ್ನಿಟ್ಟು ತೋರಿಸಿದ. ಕಾಲ್ಡ್‌ವೆಲ್‌ನ ಹೆಸರಾಂತ ದ್ರಾವಿಡ ವ್ಯಾಕರಣ ಬರಲು ಆಗಿನ್ನೂ 40 ವರ್ಷ ಬಾಕಿ ಇತ್ತು. ಇನ್ನೊಂದು ಕಡೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಿರುಗಿಸುತ್ತ ಕೂತ. ಅವನ ಜತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕಿಟೆಲ್‌ ನಿಘಂಟು ಬಂದದ್ದು 1894ರಲ್ಲಿ. ಹಾಗಾಗಿ ಭಾಷಾವಿಜ್ಞಾನ ಬೆಂಗಳೂರು–ಹೈದರಾಬಾದುಗಳ ವಿಷಯ, ನಮ್ಮಂಥ ಬಿಸಿಲು ಸೀಮೆಯವರಿಗೆ ಅದು ದೂರ ಎಂದು ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಸರಿ, ಭಾಷಾವಿಜ್ಞಾನ ಅಂದರೆ ಏನು? ವ್ಯಾಕರಣದ ಮೇಷ್ಟ್ರು 'ಹೀಗೆ ಮಾತಾಡು' ಎನ್ನುತ್ತಾರೆ. ಭಾಷಾವಿಜ್ಞಾನಿ 'ನೀನು ಹೇಗೆ ಮಾತಾಡುತ್ತೀಯೋ ಹಾಗೇ ಆಡು, ನಾನು ಬರೆದುಕೊಳ್ಳುತ್ತೇನೆ' ಎನ್ನುತ್ತಾನೆ. ಇದನ್ನು ತಲೆಗೆ ಇಳಿಸಲು ನಾನು ತರಗತಿಯಲ್ಲಿ ಶುರು ಮಾಡುತ್ತಿದ್ದದ್ದು ಹಾಲಿನಿಂದ. ನಮ್ಮ ಮನೆಮಾತು ತೆಲುಗು, ಓದಿದ್ದು ಕನ್ನಡ ಮಾಧ್ಯಮ. ಬಳ್ಳಾರಿಯಲ್ಲಿ ಇದು ವಿಶೇಷವೇನಲ್ಲ. ಬೆಳಗ್ಗೆ ಅಂಗಡಿಯಲ್ಲಿ 'ಹಾಲು ಕೊಡಿ' ಅನ್ನುವ ಹುಡುಗಿ ಮನೆಗೆ ಬಂದು ಅಜ್ಜಿಗೆ 'ಪಾಲು' ಅನ್ನುತ್ತಾಳೆ. ಬೋರ್ಡಿನ ಮೇಲೆ ಎರಡು ಸಾಲು ಬರೆಸುತ್ತಿದ್ದೆ. ಕನ್ನಡದ ಹಾಲು, ಹುಲಿ, ಹಂದಿ, ಹೂವು, ಹಳ್ಳಿ, ಹತ್ತು ಒಂದು ಕಡೆ. ತೆಲುಗಿನ ಪಾಲು, ಪುಲಿ, ಪಂದಿ, ಪುವ್ವು, ಪಲ್ಲೆ, ಪದಿ ಇನ್ನೊಂದು ಕಡೆ. ಐದು ನಿಮಿಷ ಸುಮ್ಮನೆ ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಕೂಗುತ್ತಾರೆ: "ಮೇಡಂ, ಅವ್ರು 'ಪ' ಅಂದಲ್ಲೆಲ್ಲಾ ನಾವು 'ಹ' ಅಂತೀವ್ರೀ!"

ಅಷ್ಟೇ. ಅದೇ ಭಾಷಾವಿಜ್ಞಾನ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಎಂದೇ ಅನ್ನುತ್ತಿದ್ದೆವು. ಮುಂದೆ ಪದದ ಮೊದಲಲ್ಲಿದ್ದ ಪಕಾರ ಹಕಾರವಾಯಿತು. ತೆಲುಗು ಪಕಾರವನ್ನು ಉಳಿಸಿಕೊಂಡಿತು. ಪಂಪನನ್ನು ಓದುವಾಗ ಕನ್ನಡದ ಹುಡುಗಿ ತಡವರಿಸಿದರೆ, ತೆಲುಗು ಮನೆಯ ಹುಡುಗಿಗೆ ಒಂದೆರಡು ಪದ ಪುಕ್ಕಟೆ ಸಿಕ್ಕಿಬಿಡುತ್ತವೆ.

ಇದಾದ ಮೇಲೆ ಇಂಗ್ಲಿಷಿಗೆ ದಾಟುವುದು ಸುಲಭ. ಸಂಸ್ಕೃತದ ಪಿತೃ, ಪಾದ, ಪಂಚ ಎಂಬ ಪದಗಳ ಎದುರು ಫಾದರ್, ಫುಟ್, ಫೈವ್ ಬರೆಯಿರಿ. ಇಲ್ಲಿ 'ಪ' ಇದ್ದಲ್ಲಿ ಅಲ್ಲಿ 'ಫ'. ಇದನ್ನು ನಿಯಮವಾಗಿ ವಿವರಿಸಿದವನು ಜರ್ಮನಿಯ ಯಾಕೋಬ್ ಗ್ರಿಮ್, 1822ರಲ್ಲಿ. ಮಕ್ಕಳ ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸಹೋದರರಲ್ಲಿ ಒಬ್ಬ ಇವನೇ. ಗೈಡಿನಲ್ಲಿ 'ಗ್ರಿಮ್ಸ್ ಲಾ, ಐದು ಅಂಕ' ಎಂದು ಇರುವುದು ಇದೇ. ಹಾಲು–ಪಾಲು ಕಂಡುಕೊಂಡ ಹುಡುಗಿಗೆ ಅದನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇ ಬೀಳುವುದಿಲ್ಲ. ಧ್ವನಿ ಬದಲಾದರೆ ಒಂದು ಪದದಲ್ಲಿ ಮಾತ್ರ ಬದಲಾಗುವುದಿಲ್ಲ, ಸಾಲಾಗಿ ಬದಲಾಗುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತು. ಇಂಗ್ಲಿಷ್ ಮಾಧ್ಯಮದಲ್ಲೇ ಓದಿ, ಮನೆಯಲ್ಲೂ ಇಂಗ್ಲಿಷೇ ಆಡುವ ದೊಡ್ಡ ಊರಿನ ಮಗುವಿಗೆ ಈ ಸವಲತ್ತು ಇಲ್ಲ. ಗಾಂಧಿನಗರದಲ್ಲಿ ಕನ್ನಡ, ತೆಲುಗು ಕೇಳುತ್ತ, ಕೌಲ್‌ಬಜಾರಿಗೆ ಹೋದರೆ ಉರ್ದು ಕೇಳುತ್ತ ಬೆಳೆದ ಮಗು ಭಾಷಾವಿಜ್ಞಾನದ ತರಗತಿಗೆ ಬರುವಾಗಲೇ ಜೇಬು ತುಂಬಿಕೊಂಡು ಬಂದಿರುತ್ತದೆ. ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇದೇ.

ಧ್ವನಿಶಾಸ್ತ್ರಕ್ಕೆ ಬಂದರೆ ಹುಡುಗರಿಗೆ ಮೊದಲ ಆಘಾತ. ಅಕ್ಷರ 26, ಧ್ವನಿ 44. ಇದು ಬ್ರಿಟಿಷರ ಪ್ರಮಾಣ ಉಚ್ಚಾರಣೆಯ ಲೆಕ್ಕ, ಸ್ವರ 20, ವ್ಯಂಜನ 24. ಬರೆದ ಹಾಗೆ ಓದುವ ಕನ್ನಡದವರಿಗೆ ಇದು ಮೋಸ ಅನ್ನಿಸುತ್ತದೆ. ಆಮೇಲೆ ಒಂದು ಆಟ ಆಡಿಸಬೇಕು. ತೆಳ್ಳನೆಯ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ಇಂಗ್ಲಿಷರ ರೀತಿಯಲ್ಲಿ 'ಪಿನ್' ಎಂದರೆ ಕಾಗದ ಹಾರುತ್ತದೆ. 'ಸ್ಪಿನ್' ಎಂದರೆ ಅಲುಗುವುದಿಲ್ಲ. ಅವರ ಕಿವಿಗೆ ಎರಡೂ ಒಂದೇ ಪಕಾರ. ಪ, ಫ ಎಂದು ಬೇರೆ ಬೇರೆ ಅಕ್ಷರ ಕಲಿತ ನಾವು ಆ ವ್ಯತ್ಯಾಸ ಹಿಡಿಯುತ್ತೇವೆ, ಅವರು ಹಿಡಿಯುವುದಿಲ್ಲ. ನಾವು ಉಸಿರು ಬಿಡದೆ 'ಪಿನ್' ಎಂದರೆ ಅವರಿಗೆ ಅದು 'ಬಿನ್' ಎಂದು ಕೇಳಿಸುವುದೂ ಉಂಟು.

'ಇಸ್ಕೂಲು', 'ಇಸ್ಟೇಷನ್' ಅನ್ನುವವರನ್ನು ನೋಡಿ ನಗುವುದು ನಮ್ಮಲ್ಲಿ ರೂಢಿ. ಭಾಷಾವಿಜ್ಞಾನ ಓದಿದವರು ನಗುವುದಿಲ್ಲ. ಪದದ ಮೊದಲಲ್ಲಿ ಸಕಾರದ ಜತೆ ಇನ್ನೊಂದು ವ್ಯಂಜನ ಬಂದರೆ ಮುಂದೆ ಒಂದು ಸ್ವರದ ಆಸರೆ ಕೊಡುವುದು ಎಷ್ಟೋ ಭಾಷೆಗಳ ನಿಯಮ. ಸ್ಪೇನಿನವರು ಶಾಲೆಗೆ 'ಎಸ್ಕುವೇಲ' ಅನ್ನುತ್ತಾರೆ, ಅವರನ್ನು ಯಾರೂ ಆಡಿಕೊಳ್ಳುವುದಿಲ್ಲ. ನಾವು ಬಸ್ಸಿಗೆ ಕೊನೆಯಲ್ಲಿ ಉಕಾರ ಸೇರಿಸಿ 'ಬಸ್ಸು' ಅಂದ ಹಾಗೆ ಜಪಾನಿಯರೂ 'ಬಸು' ಅನ್ನುತ್ತಾರೆ. ಹಾಗೆಂದು ಇಂಟರ್‌ವ್ಯೂನಲ್ಲಿ ಇಸ್ಕೂಲು ಅನ್ನಿ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಯಾವ ಉಚ್ಚಾರಣೆ ನಡೆಯುತ್ತದೆ ಎಂಬುದೂ ಇದೇ ಶಾಸ್ತ್ರದ ಒಂದು ಭಾಗ. ತಪ್ಪು ಎಂದು ಬೈಸಿಕೊಂಡು ಬಾಯಿ ಮುಚ್ಚಿಕೊಂಡ ಹುಡುಗಿ, ತನ್ನ ತಪ್ಪಿಗೂ ಒಂದು ನಿಯಮ ಇದೆ ಎಂದು ತಿಳಿದ ದಿನ ಬಾಯಿ ಬಿಡುತ್ತಾಳೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ವಾಕ್ಯರಚನೆಯ ಪತ್ರಿಕೆ, ಭಾಷಾವಿಜ್ಞಾನಿ ಚಾಮ್ಸ್ಕಿಯ ಮರದಂಥ ಚಿತ್ರಗಳು, ಇವು ಸ್ವಲ್ಪ ಒಣ. ಆದರೆ ಕ್ರಿಯಾಪದವನ್ನು ಕಡೆಗಿಡುವ ಕನ್ನಡವನ್ನೂ ನಡುವೆ ಇಡುವ ಇಂಗ್ಲಿಷನ್ನೂ ಅಕ್ಕಪಕ್ಕ ಇಟ್ಟರೆ ಅಲ್ಲೂ ರುಚಿ ಹತ್ತುತ್ತದೆ. ನಮ್ಮಲ್ಲಿ ಇದನ್ನು ಎತ್ತರಕ್ಕೆ ಒಯ್ದವರು ಇದ್ದಾರೆ. ಮೈಸೂರಿನಲ್ಲಿ ಇಂಗ್ಲಿಷ್ ಬಿ.ಎ., ಎಂ.ಎ. ಓದಿದ ಎ.ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾದಲ್ಲಿ 1963ರಲ್ಲಿ ಭಾಷಾವಿಜ್ಞಾನದ ಪಿಎಚ್.ಡಿ. ಪಡೆದದ್ದು ಕನ್ನಡದ ವ್ಯಾಕರಣದ ಮೇಲೆ. ಅದೇ ಮನುಷ್ಯ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಒಯ್ದರು. ಕಾಸರಗೋಡಿನ ಕಡೆಯಿಂದ ಬಂದ ಕೆ.ವಿ. ತಿರುಮಲೇಶ್ ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾಗಿದ್ದರು, ಕನ್ನಡದಲ್ಲಿ ದೊಡ್ಡ ಕವಿ. 'ಅಕ್ಷಯ ಕಾವ್ಯ'ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿಎಂಶ್ರೀ, ಗೋಕಾಕ್, ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಕನ್ನಡದ ನವೋದಯ, ನವ್ಯಗಳ ಅರ್ಧ ಕಥೆ ಇಂಗ್ಲಿಷ್ ವಿಭಾಗಗಳ ಸ್ಟಾಫ್ ರೂಮಿನಲ್ಲೇ ನಡೆದಿದೆ ಎಂದರೆ ಕನ್ನಡದ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

ಇನ್ನು ಸಾಹಿತ್ಯ. ಚಾಸರ್‌ನಿಂದ ಹಿಡಿದು ಇಪ್ಪತ್ತನೇ ಶತಮಾನದವರೆಗಿನ ಇಂಗ್ಲಿಷ್ ಸಾಹಿತ್ಯದ ಚರಿತ್ರೆ, ಛಂದಸ್ಸು, ಅಲಂಕಾರ, ಕಾವ್ಯ, ನಾಟಕ, ಕಾದಂಬರಿ, ವಿಮರ್ಶೆ, ಭಾರತೀಯರ ಇಂಗ್ಲಿಷ್ ಬರವಣಿಗೆ. ಶೇಕ್ಸ್‌ಪಿಯರ್ ಇದ್ದೇ ಇರುತ್ತಾನೆ. ಅವನ ಸುನೀತಗಳು ಅಚ್ಚಾದದ್ದು 1609ರಲ್ಲಿ. ಹದಿನೆಂಟನೆಯದು ಹೆಚ್ಚಿನ ಪಠ್ಯಗಳಲ್ಲಿ ಬರುತ್ತದೆ. ಪ್ರೀತಿಪಾತ್ರರನ್ನು ಬೇಸಿಗೆಯ ಒಂದು ದಿನಕ್ಕೆ ಹೋಲಿಸಲೇ ಎಂದು ಕವಿ ಕೇಳುವ ಪದ್ಯ. ಒಂದು ವರ್ಷ ಏಪ್ರಿಲ್ ತಿಂಗಳು, ಕರೆಂಟ್ ಹೋಗಿ ಫ್ಯಾನ್ ನಿಂತ ತರಗತಿಯಲ್ಲಿ ಇದನ್ನು ಹೇಳುತ್ತಿದ್ದೆ. ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನೀನು ಬ್ಯಾಸಿಗಿ ಇದ್ದಂಗ ಅದಿ ಅಂದ್ರ ನಮ್ ಕಡೆ ಬೈದಂಗ ಆಗ್ತೈತ್ರಿ." ತರಗತಿ ಬಿದ್ದು ಬಿದ್ದು ನಕ್ಕಿತು. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಜನ ತಮಾಷೆ ಮಾಡುವ ಊರಿದು. ನಾನು ಪಾಠ ನಿಲ್ಲಿಸಿ ಅವಳ ಮಾತನ್ನೇ ಹಿಡಿದೆ. ಹಾಗಾದರೆ ನಿಮ್ಮೂರಿನ ಕವಿ ಯಾವುದಕ್ಕೆ ಹೋಲಿಸಬೇಕು? ಮಳೆ, ಮೋಡ, ಕಾಲುವೆಗೆ ನೀರು ಬಿಟ್ಟ ದಿನ ಎಂದು ಒಬ್ಬೊಬ್ಬರೂ ಹೇಳುತ್ತ ಹೋದರು. ಇಂಗ್ಲೆಂಡಿನಲ್ಲಿ ಬೇಸಿಗೆ ಯಾಕೆ ಪ್ರಿಯ, ಅದು ಬೇಗ ಮುಗಿದುಹೋಗುತ್ತದೆ ಎಂದು ಕವಿ ಯಾಕೆ ಕೊರಗುತ್ತಾನೆ ಎಂಬುದು ಆಗ ಬಿಡಿಸಿ ಹೇಳದೆಯೇ ತಿಳಿಯಿತು. ಗೈಡಿನಲ್ಲಿ ಆ ಪದ್ಯಕ್ಕೆ ಹತ್ತು ಸಾಲಿನ ಸಾರಾಂಶ ಇದೆ, ಈ ಹುಡುಗಿಯ ಪ್ರಶ್ನೆ ಇಲ್ಲ.

ನಾಟಕಗಳ ವಿಷಯದಲ್ಲಿ ನಮ್ಮ ಊರಿಗೆ ಇನ್ನೂ ಹೆಚ್ಚಿನ ಹಕ್ಕಿದೆ. ಇವತ್ತು ನಾವು ನಾಟಕ ನೋಡಲು ಹೋಗುವ ರಾಘವ ಕಲಾಮಂದಿರ ಯಾರ ಹೆಸರಿನದು ಎಂದು ಕೇಳಿ. ಬಳ್ಳಾರಿ ರಾಘವ, 1880ರಿಂದ 1946ರವರೆಗೆ ಬಾಳಿದ ವಕೀಲರು. ತೆಲುಗು, ಕನ್ನಡ ರಂಗಭೂಮಿಯ ದೊಡ್ಡ ನಟ, ಶೇಕ್ಸ್‌ಪಿಯರ್ ಪಾತ್ರಗಳಿಗೂ ಬಣ್ಣ ಹಚ್ಚಿದವರು. ಕುವೆಂಪು ಹ್ಯಾಮ್ಲೆಟ್ಟನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಿದರು. ಎರಡನ್ನೂ ಜತೆಗಿಟ್ಟು ಓದಿದ ವಿದ್ಯಾರ್ಥಿಗೆ ಹ್ಯಾಮ್ಲೆಟ್ ಬೇಗ ಒಲಿಯುತ್ತಾನೆ.

ನನಗೆ ಪಾಠ ಹೇಳಲು ಎಲ್ಲಕ್ಕಿಂತ ಇಷ್ಟವಾಗಿದ್ದ ಪುಸ್ತಕ ರಾಜಾ ರಾವ್ ಅವರ 'ಕಾಂತಾಪುರ'. ಹಾಸನದಲ್ಲಿ ಹುಟ್ಟಿದ ಲೇಖಕ, 1938ರಲ್ಲಿ ಅಚ್ಚಾದ ಇಂಗ್ಲಿಷ್ ಕಾದಂಬರಿ. ಗಾಂಧೀಜಿಯ ಚಳವಳಿ ಕನ್ನಡನಾಡಿನ ಒಂದು ಹಳ್ಳಿಗೆ ನುಗ್ಗಿದ ಕಥೆಯನ್ನು ಅಚ್ಚಕ್ಕ ಎಂಬ ಮುದುಕಿ ಹೇಳುತ್ತಾಳೆ. ವಾಕ್ಯ ಶುರುವಾದರೆ ಮುಗಿಯುವುದೇ ಇಲ್ಲ. ಕೆಂಚಮ್ಮ ದೇವಿಯಿಂದ ಹೊರಟು ಊರಿನ ಮೂರ್ತಿಯನ್ನು ಹಾದು ಪೊಲೀಸ್ ಬಡೇಖಾನನವರೆಗೆ ಒಂದೇ ಉಸಿರು. "ಇದು ನಮ್ಮಜ್ಜಿ ಮಾತಾಡಿದಂಗೇ ಐತಿ" ಎಂದು ಹುಡುಗಿಯರು ಅಂದಾಗ ಕಾದಂಬರಿಯ ಅರ್ಧ ಪಾಠ ಮುಗಿದಂತೆ. ಇಂಗ್ಲಿಷನ್ನು ಕನ್ನಡದ ಉಸಿರಿಗೆ ಬಗ್ಗಿಸಬಹುದು ಎಂದು ಆಗ ಅವರು ಕಾಣುತ್ತಾರೆ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಈ ಮಾತನ್ನು ನಂಬಿಸುವುದು ಇನ್ನೂ ಸಲೀಸಾಗಿದೆ.

ಗೈಡುಗಳ ಮೇಲೆ ಇಷ್ಟು ಹರಿಹಾಯ್ದಿದ್ದೇನೆ, ಕಾರಣವನ್ನೂ ಹೇಳಬೇಕು. ಕನ್ನಡ ಮಾಧ್ಯಮದಿಂದ ಬಂದ ಮಗುವಿನ ಕೈಗೆ ಮೊದಲ ಸೆಮಿಸ್ಟರಿನಲ್ಲೇ ಚಾಸರ್ ಕೊಟ್ಟರೆ ಅದು ಇನ್ನೇನು ಮಾಡೀತು? ಸಾರಾಂಶ ಹುಡುಕಿಕೊಂಡು ಹೋಗುತ್ತದೆ. ಅದೇ ಐದು ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳುವ ಪ್ರಶ್ನೆಪತ್ರಿಕೆ ಅದಕ್ಕೆ ಬೆಂಬಲ ಕೊಡುತ್ತದೆ. ಮೂಲಪುಸ್ತಕ ತೆರೆಯದೆ ಫಸ್ಟ್ ಕ್ಲಾಸ್ ಬಂದವರನ್ನು ನಾನು ನೋಡಿದ್ದೇನೆ, ಎಂ.ಎ. ತರಗತಿಯಲ್ಲಿ ಅವರು ಪಟ್ಟ ಪಾಡನ್ನೂ ನೋಡಿದ್ದೇನೆ. ಇದು ವಿದ್ಯಾರ್ಥಿಗಳ ತಪ್ಪು ಮಾತ್ರ ಅಲ್ಲ. ಇದಕ್ಕೊಂದು ಮದ್ದು ನಮ್ಮಲ್ಲೇ ಇತ್ತು. ಕ್ಯಾಂಪ್‌ಬೆಲ್ ತನ್ನ ವರದಿಯಲ್ಲಿ ಇಲ್ಲಿನ ಒಂದು ಪದ್ಧತಿಯನ್ನು ಮನಸಾರೆ ಹೊಗಳಿದ್ದ. ಮುಂದಿನ ತರಗತಿಯ ಮಕ್ಕಳು ಹಿಂದಿನವರಿಗೆ ಕಲಿಸುವುದು. ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದು ಬರೆದ. ಅದನ್ನು ನಾವು ಬಿಟ್ಟೇಬಿಟ್ಟೆವು. ಸೀನಿಯರ್ ಹುಡುಗಿ ಜೂನಿಯರಿಗೆ ಕೊಡುವುದು ಈಗ ನೋಟ್ಸಿನ ಝೆರಾಕ್ಸ್ ಮಾತ್ರ. ಸಂಜೆ ನಮ್ಮ ಮನೆಯ ವರಾಂಡದಲ್ಲಿ ನಾಲ್ಕಾರು ಹುಡುಗಿಯರು ಕೂತು 'ಕಾಂತಾಪುರ'ವನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ, ಅಂತಿಮ ವರ್ಷದವಳು ಅರ್ಥ ಹೇಳುತ್ತಾಳೆ, ನಾನು ಚಹಾ ಮಾಡುತ್ತೇನೆ. ಗೈಡಿಗಿಂತ ಇದು ಎಷ್ಟೋ ವಾಸಿ.

ಹೊಟ್ಟೆಪಾಡಿನ ಮಾತು ಬಿಡುವಂತಿಲ್ಲ. ಈ ಪದವಿ ಮುಗಿಸಿದ ತಕ್ಷಣ ಕೆಲಸ ಕಾದಿರುವುದಿಲ್ಲ. ಬಿ.ಎಡ್. ಮಾಡಿದರೆ ಹೈಸ್ಕೂಲು, ಎಂ.ಎ., ಬಿ.ಎಡ್. ಆದರೆ ಪಿಯು ಕಾಲೇಜು, ಎಂ.ಎ. ಮೇಲೆ ನೆಟ್ ಅಥವಾ ಕೆ–ಸೆಟ್ ಪಾಸಾದರೆ ಪದವಿ ಕಾಲೇಜು. ನೇಮಕಾತಿ ಯಾವಾಗ ಆಗುತ್ತದೆ ಎಂಬುದು ಬೇರೆ ಸಂಕಟ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಳೆದವರನ್ನು ಬಳ್ಳಾರಿಯಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅನುವಾದ, ಪತ್ರಿಕೆ, ಪ್ರಕಾಶನ, ಸಿನಿಮಾ ಸಬ್‌ಟೈಟಲ್, ಸ್ಪರ್ಧಾತ್ಮಕ ಪರೀಕ್ಷೆ, ಇವೂ ಇವೆ. ಭಾಷಾವಿಜ್ಞಾನದ ಹುಚ್ಚು ಹತ್ತಿದವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ. ಕನ್ನಡ ಬಲ್ಲ, ತೆಲುಗು ಬಲ್ಲ, ಇಂಗ್ಲಿಷ್ ಓದಿದ ಅನುವಾದಕರಿಗೆ ಬೇಡಿಕೆ ಕಡಿಮೆಯಾದ ಕಾಲವನ್ನು ನಾನು ನೋಡಿಲ್ಲ. ಅವರಿಗೆ ಸರಿಯಾದ ಸಂಭಾವನೆ ಕೊಟ್ಟ ಕಾಲವನ್ನೂ ನೋಡಿಲ್ಲ.

ಹಾಗಾಗಿ ಗೇಟಿನ ಹತ್ತಿರ ಬಂದು ಕೇಳುವ ತಂದೆ ತಾಯಂದಿರಿಗೆ ನನ್ನ ಮಾತು ಇಷ್ಟು. ಮಗಳಿಗೆ ಕಥೆ ಓದುವ ಹಂಬಲ ಇದ್ದರೆ, ನಿಮ್ಮ ಮಾತಿನ ಧಾಟಿಯನ್ನು ಅವಳು ಅಣಕಿಸಿ ನಗಿಸುತ್ತಿದ್ದರೆ, ಸೇರಿಸಿ. ಅಂಕ ಕಡಿಮೆ ಬಂತು, ಬೇರೆ ಏನೂ ಸಿಗಲಿಲ್ಲ ಎಂದು ಸೇರಿಸಬೇಡಿ. ಅರ್ಜಿ ತುಂಬುವ ಮೊದಲು ಆ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಇದೆಯೇ, ಅದಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ, ಗ್ರಂಥಾಲಯದಲ್ಲಿ ಮೂಲಪುಸ್ತಕಗಳು ಸಿಗುತ್ತವೆಯೇ ಎಂಬ ಮೂರನ್ನೂ ಬಾಯಿಬಿಟ್ಟು ಕೇಳಿ. ಕೇಳುವವರು ಕಡಿಮೆಯಾದ ಕಡೆ ಈ ವಿಷಯವನ್ನೇ ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ.